ಮುಚ್ಚದ ತೂಬು

ಬೆಳಿಗ್ಗೆ ಎದ್ದು ನೋಡಿದರೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕಾಲುವೆಯಲ್ಲಿ ನೀರೇ ಇರಲಿಲ್ಲ. ದೋಣಿಗಳನ್ನು ಹತ್ತಿಸಿ ಇಳಿಸುವ ಲಾಕ್ ಗೇಟಿನ ತೂಬನ್ನು ಯಾರೋ ಮುಚ್ಚದೆ ಬಿಟ್ಟಿದ್ದರು. ನಮ್ಮ ದೋಣಿಗಳೆಲ್ಲ ಕೆಸರಿನಲ್ಲಿ ಕೂತಿದ್ದವು. ದಂಡೆಯ ನಲ್ಲಿಯ ಸಾಲಿನಲ್ಲಿ ನನ್ನ ಮುಂದೆ ಗ್ಲೆನಿಸ್ ಮತ್ತು ಮಾರ್ಜರಿ ನಿಂತಿದ್ದರು. ಇಬ್ಬರೂ ವರ್ಷವಿಡೀ ದೋಣಿಯಲ್ಲೇ ಬದುಕುವವರು.

“ಆ ಬಾಡಿಗೆ ದೋಣಿಯವ್ರದೇ ಕೆಲ್ಸ ಕಣೇ,” ಎಂದಳು ಗ್ಲೆನಿಸ್.

“ಕ್ಯಾಪ್ಟನ್ ಟೋಪಿ ಹಾಕ್ಕೊಂಡಿರ್ತಾನಲ್ಲ, ಅವ್ನಾ?”

“ಅವ್ನೇ. ನಿಂತಿರೋ ದೋಣಿ ಪಕ್ಕ ನಿಧಾನ ಹೋಗ್ಬೇಕು ಅಂತ್ಲೂ ಗೊತ್ತಿಲ್ಲ. ನಿನ್ನೆ ನನ್ನ ಟೀ ಪೂರ್ತಿ ಮಡಿಲಿಗೆ ಬಿತ್ತು.”

“ಅವನ ಹೆಂಡ್ತಿ ಬಾತುಕೋಳಿಗಳಿಗೆಲ್ಲ ಹೆಸರಿಟ್ಟಿದಾಳಂತೆ.”

“ಬೇಸಿಗೆ ಮುಗಿದ್ಮೇಲೆ ಊರಿಗೆ ಹೋಗಿ, ನಾವೂ ದೋಣಿಯವ್ರು ಅಂತ ಜಂಬ ಕೊಚ್ಕೋತಾರೆ ನೋಡು. ಹ್ಯಾಂಡಲ್ ತಿರುಗ್ಸಿ ತೂಬು ಮುಚ್ಚು, ಆಮೇಲೆ ಅದನ್ನ ತಗೊಂಡು ನಡಿ. ಇಷ್ಟೇ ವಿದ್ಯೆ. ಅದೂ ಬರಲ್ಲ ಈ ದಂಡಪಿಂಡಗಳಿಗೆ.”

“ನಿನ್ನ ಹ್ಯಾಂಡಲ್ ಎಲ್ಲೇ? ಯಾವಾಗ್ಲೂ ಬೆಲ್ಟಲ್ಲಿ ಇರ್ತಿತ್ತು.”

“ದೋಣೀಲಿ ಎಲ್ಲೋ ಬಿದ್ದಿರತ್ತೆ.”

ಅಷ್ಟರಲ್ಲಿ ಟೋಪಿಯವನ ಹೆಂಡತಿ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಬಂದಳು. ಅವಳ ಕೈಯಲ್ಲಿ ಕೆಂಪು ಉಣ್ಣೆ ಸುತ್ತಿದ ಹ್ಯಾಂಡಲ್ ಇತ್ತು.

“ತೆರೆದಿದ್ದ ತೂಬಿನ ಮೇಲೇ ಇತ್ತು. ತೂಬು ಮುಚ್ಚಿ ಬಂದೆ. ಇದು ಯಾರ್ದು ಅಂತ ಗೊತ್ತಾ?”

ಮಾರ್ಜರಿ ನಲ್ಲಿಯನ್ನೇ ನೋಡುತ್ತ ನಿಂತಳು. ಗ್ಲೆನಿಸ್ ಹ್ಯಾಂಡಲ್ ಇಸಿದುಕೊಂಡು ಬೆಲ್ಟಿಗೆ ಸಿಕ್ಕಿಸಿಕೊಂಡಳು. ತುಂಬಿದ ಕ್ಯಾನು ಎತ್ತಿಕೊಂಡು ಇಬ್ಬರೂ ಹೊರಟರು.

“ನೋಡಿದ್ಯಾ,” ಗ್ಲೆನಿಸ್ ಹೇಳುತ್ತಿದ್ದಳು, “ಇನ್ನೊಬ್ರ ಸಾಮಾನು ಮುಟ್ಬಾರ್ದು ಅಂತ್ಲೂ ಗೊತ್ತಿಲ್ಲ ಇವ್ರಿಗೆ.”