ಅಂಗಡಿ ನಂಬರು

"ಹಲೋ... ಯಾರು ಮಾತಾಡೋದು?... ಯಾರೂ?... ಸಂಗೀತಾನಾ? ಜೋರಾಗಿ ಮಾತಾಡೇ, ಏನೂ ಕೇಳಿಸ್ತಿಲ್ಲ. ಎಲ್ಲಿದ್ದೀಯ, ಸಂತೇಲಾ?... ಬ್ರೌಸಿಂಗ್ ಸೆಂಟರಾ? ಹಾಂ... ಹಾಂ... ಏನು, ಶಿವುನಾ? ಶಿವು ಮನೇಲಿಲ್ಲ. ಈಜೋಕೆ ಅಂತ ಬೆಳಿಗ್ಗೇನೇ ಹೋದ. ಅವನ ವಿಷಯ ಆಮೇಲಿರಲಿ, ಮೊದಲು ನೀನು ಪೆರಿಯಮ್ಮ ಪೆರಿಯಮ್ಮ ಅನ್ನೋದು ಬಿಡು. ದೊಡ್ಡಮ್ಮ ಅನ್ನು. ಬಾಯೇನೂ ಸವೆಯಲ್ಲ."

ಸುಮಿತ್ರಮ್ಮನವರು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ತಮಿಳು ಸೀಮೆಯ ಕ್ರೋಂಪೇಟೆಯ ಮನೆಯಲ್ಲಿ, ತಮ್ಮ ಫೋನನ್ನು ಕಿವಿಗಿಟ್ಟುಕೊಂಡು ಫ್ಯಾನಿನ ನೇರ ಕೆಳಗೆ ಕೂತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಮೂರು ತಲೆಮಾರಿನಿಂದ ಅಳಲೆಕಾಯಿ ಮತ್ತು ತಂಗಡಿ ತೊಗಟೆಯ ವ್ಯಾಪಾರ. ತಿಪಟೂರು ಕಡೆಯಿಂದ ಮೂಟೆ ತರಿಸುವುದು, ಇಲ್ಲಿ ಚರ್ಮ ಹದ ಮಾಡುವವರಿಗೆ ಮಾರುವುದು. ಆದರೆ 'ಚರ್ಮ' ಅನ್ನುವ ಮಾತು ಮಾತ್ರ ಇವತ್ತಿನವರೆಗೂ ಆ ಮನೆಯ ಮೆಟ್ಟಿಲು ಹತ್ತಿದ್ದಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

"ಹಾಂ, ಹೇಳು ಈಗ... ಏನು ಬರುತ್ತೆ?... ಓಟಿಪಿನಾ? ಅಂಗಡಿ ಫೋನಿಗಾ? ಇಲ್ಲೇ ಇದೆ, ನನ್ನ ಪಕ್ಕದಲ್ಲೇ. ನಿಮ್ಮ ದೊಡ್ಡಪ್ಪ ಮಲಗಿದ್ದಾರೆ... ಯಾಕೇ ಅಷ್ಟು ಆತುರ? ಮನೆಗೇನು ಬೆಂಕಿ ಬಿದ್ದಿದೆಯಾ?... ಇವತ್ತೇ ಕಡೇ ದಿನಾನಾ? ಓಹೋ... ಸಾಯಂಕಾಲಕ್ಕೆ ಮುಚ್ಚಿಬಿಡ್ತಾರಾ? ರಿಸಲ್ಟೇ ನಾಳೆ ಬರೋದು, ಇವತ್ತೇ ಕಾಲೇಜಿನ ಅರ್ಜಿ ಮುಗಿಸಿಬಿಡ್ತಾರಂತಾ? ಒಳ್ಳೇ ಕತೆ."

ಸಂಗೀತಾ ಸುಮಿತ್ರಮ್ಮನವರ ಮೈದುನನ ಮಗಳು, ಅವರ ಮಗ ಶಿವುವಿನ ಓರಗೆಯವಳು. ಮೈದುನ ತೀರಿಕೊಂಡ ಮೇಲೆ ಅವನ ಹೆಂಡತಿ ನೀರಜಾ ಮಗಳನ್ನು ಕರೆದುಕೊಂಡು ರಾಯಪುರಂನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು, ಬಂದರಿನ ಹತ್ತಿರ ಯಾವುದೋ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮನೆ ಒಡೆದರೂ ನಂಬರು ಒಡೆಯಬಾರದು ಅಂತ ಸುಮಿತ್ರಮ್ಮನವರ ಗಂಡ ಮುರಿಗೆಪ್ಪನವರ ಕಟ್ಟಪ್ಪಣೆ. ಗ್ಯಾಸಿಗೂ ಬ್ಯಾಂಕಿಗೂ ಮಕ್ಕಳ ಶಾಲೆಗೂ ಕೊಡಬೇಕಾದ್ದು ಒಂದೇ, ಅಂಗಡಿ ನಂಬರು. ಹಿರಿಯರಿಗೆ ಗೊತ್ತಿಲ್ಲದೆ ಮನೆಯಲ್ಲಿ ಏನೂ ನಡೆಯಬಾರದಲ್ಲ! ಹಾಗಾಗಿ ಯಾರ ಅರ್ಜಿಯಾದರೂ ಗುಟ್ಟಿನ ಸಂಖ್ಯೆ ಬಂದು ಬೀಳುವುದು ಈ ಫೋನಿಗೇ.

ಅದು ಈಗ ಟಿಂಗ್ ಅಂತು. ಸುಮಿತ್ರಮ್ಮನವರು ಕನ್ನಡಕ ಏರಿಸಿ ನೋಡಿದರು. 'ನಿಮ್ಮ ಅರ್ಜಿಯ ಓಟಿಪಿ' ಅಂತಿತ್ತು, ಮುಂದೆ ಆರು ಅಂಕಿ. ಯಾರ ಅರ್ಜಿ ಅಂತ ಹೆಸರಿರಲಿಲ್ಲ. ಹೆಸರು ಯಾಕೆ ಬೇಕು, ಅವರಿಗೆ ಗೊತ್ತಿಲ್ಲವೇ? ಮೊನ್ನೆ ನೀರಜಾ ಫೋನ್ ಮಾಡಿ, ನಮ್ಮ ಸಂಗೀತಾ ಲೆದರ್ ಟೆಕ್ನಾಲಜಿ ತಗೋಬೇಕು ಅಂತಿದ್ದಾಳೆ ಅಕ್ಕಾ ಅಂದಾಗಿನಿಂದ ಅವರಿಗೆ ಅದೇ ಉರಿ. ಅಂಗಡಿ ಫೋನನ್ನು ಬೋರಲು ಹಾಕಿ, ತಾಂಬೂಲವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು.

"ಇಲ್ಲ, ಇನ್ನೂ ಏನೂ ಬಂದಿಲ್ಲ... ಬಂದರೆ ಹೇಳ್ತೀನಿ. ಅಲ್ಲಿವರೆಗೂ ನಾನು ಕೇಳೋದಕ್ಕೆ ಉತ್ತರ ಕೊಡು. ಯಾವ ಕೋರ್ಸು?... ಅಲ್ಲ, ನಿನ್ನ ಬಾಯಲ್ಲೇ ಕೇಳ್ತೀನಿ. ಹೇಳು... ಇಂಗ್ಲಿಷಲ್ಲಿ ಬೇಡ, ಕನ್ನಡದಲ್ಲಿ ಹೇಳು ನೋಡೋಣ. ಬರಲ್ವಾ? ನಾನು ಹೇಳ್ಕೊಡ್ತೀನಿ. ಚರ್ಮ ಹದ ಮಾಡೋ ವಿದ್ಯೆ. ಕೊರಳಲ್ಲಿ ಲಿಂಗ ಕಟ್ಟಿಸಿಕೊಂಡ ಹುಡುಗಿ ತೊಗಲು ತೊಳೆಯೋದು ಕಲೀತಾಳೆ. ಬಹಳ ಚೆನ್ನಾಗಿದೆ."

...

"ಏನಂದೆ? ನಮ್ಮ ಅಂಗಡೀನಾ? ಅಳಲೆಕಾಯಿ ಕಾಯಿ ಕಣೇ, ಔಷಧಿ! ಕೊಂಡೋರು ಅದನ್ನ ಯಾವುದಕ್ಕೆ ಹಾಕ್ಕೋತಾರೋ ನಮಗ್ಯಾಕೆ? ನಾವು ಹೋಗಿ ನೋಡಿದ್ದೀವಾ?... ನೋಡಿದ್ದೋನು ನಿಮ್ಮಪ್ಪ ಒಬ್ಬನೇ. ಬಾಕಿಯೋರೆಲ್ಲ ಗಲ್ಲಾ ಮುಂದೆ ಕೂತು ವ್ಯಾಪಾರ ಮಾಡಿದ್ರೆ, ಇವನೊಬ್ಬ ತೊಗಲು ನೆನೆಹಾಕೋ ಆ ಕೊಳಕು ತೊಟ್ಟಿಗಳ ಹತ್ತಿರ ನಿಂತ್ಕೊಂಡು ಹದ ಹೆಂಗೆ ಕೂತಿದೆ ಅಂತ ನೋಡ್ತಿದ್ದ. ನಿನ್ನನ್ನೂ ಸ್ಕೂಟರ್ ಮುಂದೆ ನಿಲ್ಲಿಸ್ಕೊಂಡು ಕರ್ಕೊಂಡು ಹೋಗ್ತಿದ್ದ. ಅಲ್ಲೇ ಹತ್ತಿದ್ದು ನಿನಗೂ ಈ ಹುಚ್ಚು."

...

"ಹಾಂ? ಗೋಡೆ ಮೇಲಿನ ಶರಣರಾ? ಚಪ್ಪಲಿ ಹೊಲಿದೋರ ಪಟ ನಮ್ಮನೇಲಿ ಇಲ್ವಾ ಅಂತಾ? ಅಬ್ಬಬ್ಬಾ, ನಾಲಿಗೆ ನೋಡು! ಇದೆ ಕಣೇ, ದಿನಾ ಹೂವು ಹಾಕ್ತೀನಿ. ಅವರು ಪಟದಲ್ಲಿದ್ದಾರೆ. ಪಟದಲ್ಲಿರೋರಿಗೆ ವಾಸನೆ ಇರಲ್ಲ. ನೀನು ಪಟದಲ್ಲಿರ್ತೀಯಾ? ನಮ್ಮ ಅಡುಗೆಮನೆಗೆ ಬರ್ತೀಯ, ನಮ್ಮ ಪಂಕ್ತೀಲಿ ಊಟಕ್ಕೆ ಕೂರ್ತೀಯ."

ಮತ್ತೆ ಟಿಂಗ್ ಅಂತು. ಮೊದಲಿನದರ ಗಡುವು ಮುಗಿದು ಎರಡನೆಯದು ಬಂದಿತ್ತು. ಸುಮಿತ್ರಮ್ಮನವರು ಎತ್ತಿ ಅದನ್ನೂ ಓದಿದರು. ಆ ಆರು ಅಂಕಿಗಳು ಅಂಗೈಯಲ್ಲಿ ಕೂತಿರುವುದು ಅವರಿಗೆ ತುಂಬ ಹಿತವಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ. ನೀರಜಾ ಈ ಮನೆಯ ಮೆಟ್ಟಿಲಿಳಿದು ಹೋದ ದಿನ ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ಅಳಲಿಲ್ಲ, ಕೈ ಮುಗಿಯಲಿಲ್ಲ, ಏನೂ ಕೇಳಲಿಲ್ಲ. ಆ ಸೊಕ್ಕನ್ನು ಸುಮಿತ್ರಮ್ಮನವರು ಇನ್ನೂ ಕ್ಷಮಿಸಿರಲಿಲ್ಲ. ಇವತ್ತು ಅವಳ ಮಗಳಾದರೂ ಕೇಳಲಿ, ಬೇಡಲಿ.

"ಏನೋ ಬಂದ ಹಾಗಾಯ್ತು... ಇರು, ಕನ್ನಡಕ ಎಲ್ಲಿಟ್ಟೆನೋ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಟೀವೀಲಿ ದಿನಾ ಬಡ್ಕೋತಾರಲ್ವಾ, ನಿನಗೆ ಹೇಳಬಹುದಾ?... ಹೆಹೆ, ತಮಾಷೆ ಮಾಡಿದೆ ಕಣೇ. ಯಾಕೆ ಧ್ವನಿ ನಡುಗ್ತಿದೆ?... ಪ್ಲೀಸಾ? ಹಾಂ, ಈಗ ಬಂತು ದಾರಿಗೆ. ಪ್ಲೀಸ್ ಅಂದ್ರೆ ಸಾಲದು. ತಪ್ಪಾಯ್ತು ದೊಡ್ಡಮ್ಮ ಅನ್ನು... ಜೋರಾಗಿ... ಹಾಂ. ಇನ್ನು, ಆ ತೊಗಲಿನ ಕೋರ್ಸ್ ತಗೊಳ್ಳಲ್ಲ, ಬಿ.ಕಾಂ ಮಾಡ್ತೀನಿ ಅನ್ನು. ಅದನ್ನ ಅಂದ್ರೆ ಓದ್ತೀನಿ."

...

"ಮತ್ತೆ ಶಿವು ಶಿವು ಅಂತೀಯಲ್ಲೇ! ಶಿವುಗೂ ಇದಕ್ಕೂ ಏನು ಸಂಬಂಧ? ಅವನ ಜೊತೆ ನಿನ್ನನ್ನ ಹೋಲಿಸ್ಕೊಬೇಡ. ಅವನು ಹೋದ ವಾರವೇ ಅರ್ಜಿ ಹಾಕಿ ಮುಗಿಸಿದ. ಕಂಪ್ಯೂಟರ್ ಸೈನ್ಸು. ಮುಗಿಸಿದೆ ಅಮ್ಮಾ ಅಂತ ನನ್ನ ಮುಂದೇನೇ ನಿಂತು ಹೇಳಿದ. ನಿನ್ನ ಹಾಗೆ ಕಡೇ ದಿನ ಬೀದಿ ಅಂಗಡೀಲಿ ಕೂತು ಗೋಗರೆಯಲ್ಲ ನನ್ನ ಮಗ."

...

"ಏಯ್, ಮಧ್ಯ ಬಾಯಿ ಹಾಕಬೇಡ! ಹಿರಿಯರು ಮಾತಾಡುವಾಗ ಸುಮ್ಮನಿರೋದು ನಿಮ್ಮಮ್ಮ ಕಲಿಸಿಲ್ವಾ? ಎಲ್ಲಿ ಕಲಿಸ್ತಾಳೆ, ಅವಳಿಗೆ ಬಂದಿದ್ರೆ ತಾನೇ... ನೀನು ಜಾಣೆ, ಒಪ್ಪಿದೆ. ಶಿವು ನಿನ್ನಷ್ಟು ಚುರುಕಲ್ಲ, ಅದೂ ಗೊತ್ತು. ಹೆತ್ತೋಳಿಗೆ ಗೊತ್ತಿರಲ್ವಾ? ಹತ್ತು ಸಲ ಹೇಳಿಕೊಟ್ರೂ ಒಂದಕ್ಷರ ತಲೆಗೆ ಹತ್ತಲ್ಲ, ಮಂಕು ಮುಂಡೇದು. ಅಂಗಡೀಲಿ ಕೂರಿಸೋಣ ಅಂದ್ರೆ ಮೂಟೆ ಎಣಿಸೋಕೂ ಬರಲ್ಲ. ಆದ್ರೆ ಒಂದು ತಿಳ್ಕೋ ಸಂಗೀತಾ. ಅವನು ಎಷ್ಟೇ ದಡ್ಡ ಆಗಿರಲಿ, ಅವನಿಗೆ ಅಪ್ಪ ಅಂತ ಒಬ್ಬ ಇದ್ದಾನೆ. ನಿನಗೆ ಯಾರಿದ್ದಾರೆ?"

...

ಆ ಕಡೆ ಬ್ರೌಸಿಂಗ್ ಸೆಂಟರಿನಲ್ಲಿ ಯಾರೋ ಪ್ರಿಂಟ್ ಕೇಳುತ್ತಿದ್ದದ್ದು ತಮಿಳಿನಲ್ಲಿ ಸಣ್ಣಗೆ ಕೇಳಿಸಿತು. ಸ್ವಲ್ಪ ಜಾಸ್ತಿ ಆಯ್ತೇನೋ ಅಂತ ಸುಮಿತ್ರಮ್ಮನವರಿಗೂ ಒಂದು ಗಳಿಗೆ ಅನ್ನಿಸಿತು. ಆದರೆ ಓಡುವ ಗಾಡಿ, ನಿಲ್ಲಿಸುವುದು ಹೇಗೆ? ಅಂಗಡಿ ಫೋನು ಮೂರನೆಯ ಸಲ ಟಿಂಗ್ ಅಂತು. ಈ ಸಲ ಸಂಖ್ಯೆಯ ಕೆಳಗೆ, ಇದೇ ಕೊನೆಯ ಅವಕಾಶ ಅಂತಲೂ ಬರೆದಿತ್ತು.

"ಅಳ್ತಿದ್ದೀಯಾ?... ಅಳು, ತಪ್ಪೇನಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು... ಬಂದಿದೆ ಬಂದಿದೆ, ನನ್ನ ಕಣ್ಣ ಮುಂದೇನೇ ಇದೆ. ಕೊನೇದಂತೆ. ಓದ್ತೀನಿ ಇರು. ಅದಕ್ಕೆ ಮುಂಚೆ ಯಾರೂ ನಿನಗೆ ಹೇಳದೇ ಇರೋ ಒಂದು ಮಾತು ಹೇಳ್ತೀನಿ. ನಿಮ್ಮಪ್ಪನ್ನ ಆಸ್ಪತ್ರೆಯಿಂದ ತಂದು ನಡುಮನೇಲಿ ಕೂರಿಸಿದ್ವಲ್ಲ, ವಿಭೂತಿ ಹಚ್ಚಿ? ಸ್ನಾನ ಮಾಡಿಸಿದ್ದು ನಿಮ್ಮ ದೊಡ್ಡಪ್ಪ. ಎಷ್ಟು ತೊಳೆದರೂ ಆ ಮೈಯಿಂದ ತೊಟ್ಟಿ ವಾಸನೆ ಹೋಗಲಿಲ್ಲ ಕಣೇ. ಬಂದೋರೆಲ್ಲ ಮೂಗಿಗೆ ಸೆರಗು ಹಿಡಿದಿದ್ರು. ನೀನು ಚಿಕ್ಕೋಳು, ಅವನ ಕಾಲು ತಬ್ಕೊಂಡು ಕೂತಿದ್ದೆ. ನಾಳೆ ನಿನ್ನ ಮೈಯೂ ಹಂಗೇ ನಾರಬೇಕಾ? ಯಾವ ಗಂಡು ಬಂದು ಕಟ್ಕೋತಾನೆ? ಯಾವ ಸ್ವಾಮಿಗಳು ನಿಮ್ಮ ಹೊಸಿಲು ತುಳೀತಾರೆ?"

...

ನಿಜ ಹೇಳಬೇಕೆಂದರೆ ಆ ದಿನ ಯಾರೂ ಮೂಗಿಗೆ ಸೆರಗು ಹಿಡಿದಿರಲಿಲ್ಲ, ಸುಮಿತ್ರಮ್ಮನವರೊಬ್ಬರನ್ನು ಬಿಟ್ಟು. ಕೈಯಲ್ಲಿದ್ದ ಅಂಗಡಿ ಫೋನಿನ ದೀಪ ತಾನಾಗಿಯೇ ಆರಿತು.

"ಹಲೋ... ಇದ್ದೀಯಾ?... ಏನು, ಮುಗೀತಾ? ಟೈಮ್ ಆಗ್ಹೋಯ್ತಾ?... ಲಾಕ್ ಆಯ್ತಾ? ಅಯ್ಯೋ ಪಾಪ. ಮಾತಲ್ಲಿ ಮರ್ತೇಬಿಟ್ಟೆ ನೋಡು. ಹೋಗಲಿ ಬಿಡು, ಆಗೋದೆಲ್ಲ ಒಳ್ಳೇದಕ್ಕೇ. ಶಿವನೇ ತಪ್ಪಿಸಿದ ಅಂದ್ಕೋ. ನಾಳೆ ರಿಸಲ್ಟ್ ಬರಲಿ, ನಿಮ್ಮ ದೊಡ್ಡಪ್ಪಂಗೆ ಹೇಳಿ ಎಲ್ಲಾದ್ರೂ ಬಿ.ಕಾಂ..."

...

"ಏನಂದೆ?... ನಿಂದಲ್ವಾ?... ಅಂದ್ರೆ? ನಿಂದು ಹೋದ ವಾರವೇ ಆಯ್ತಾ? ಯಾವ ನಂಬರಿಗೆ?... ನಿಮ್ಮಮ್ಮನ ಹೊಸ ಸಿಮ್ಮಿಗಾ? ಯಾರನ್ನ ಕೇಳಿ ಹೊಸ ಸಿಮ್ಮು ತಗೊಂಡಳು ಅವಳು?... ಅದಿರಲಿ, ಮತ್ತೆ ಈಗ ಬಂದಿದ್ದು? ಇದು ಯಾರದ್ದೇ ಹಂಗಾದ್ರೆ?"

...

"ಸುಳ್ಳು. ಸುಳ್ಳು ಹೇಳಬೇಡ ಸಂಗೀತಾ. ಶಿವುದು ಆಗಿದೆ. ನನಗೇ ಹೇಳಿದ್ದಾನೆ... ಹಾಕಿರಲಿಲ್ವಾ? ನಿನ್ನ ಹತ್ತಿರ ಬಂದು ಹಾಕ್ಕೊಡು ಅಂದ್ನಾ? ಬೆಳಿಗ್ಗೆ ರಾಯಪುರಂಗೆ ಬಂದ್ನಾ?... ಅಯ್ಯೋ, ಅದನ್ನ ಮೊದಲೇ ಹೇಳೋಕೆ ಏನಾಗಿತ್ತೇ ನಿನಗೆ, ಬಾಯಿಗೇನು ಬೀಗ ಹಾಕ್ಕೊಂಡಿದ್ದೆಯಾ?... ಹೇಳಿದೆಯಾ? ಯಾವಾಗ ಹೇಳಿದೆ?... ಹಲೋ ಅಂದ ಕೂಡಲೇ... ಆಮೇಲೂ..."

ಬಾಯಲ್ಲಿದ್ದ ತಾಂಬೂಲ ಒಮ್ಮೆಗೇ ಕಹಿಯಾಯಿತು. ಶಿವುನಾ, ಶಿವು ಮನೇಲಿಲ್ಲ ಅಂತ ತಾವೇ ಆಡಿದ್ದು ನೆನಪಾಯಿತು. ಫ್ಯಾನು ತಿರುಗುತ್ತಲೇ ಇತ್ತು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಲೇ ಇತ್ತು.

"ಅವನೆಲ್ಲಿ ಈಗ? ಅಲ್ಲೇ ಇದ್ದಾನಾ?... ಪಕ್ಕದಲ್ಲೇನಾ?... ಫೋನು ಸ್ಪೀಕರಲ್ಲಿ ಇಟ್ಟಿದ್ದೆಯಾ? ಯಾಕೆ?... ಟೈಪ್ ಮಾಡೋಕೆ ಕೈ ಬೇಕು ಅಂತಾ... ಮೊದಲಿಂದಾನಾ? ಮೊದಲಿಂದ ಎಲ್ಲಾ ಕೇಳಿಸ್ಕೊಂಡ್ನಾ?... ಕೊಡು, ಅವನಿಗೆ ಕೊಡು ಫೋನು."

...

"ಶಿವೂ... ಶಿವು, ಅಮ್ಮ ಕಣೋ. ನೀನಲ್ಲಿದ್ದೀಯ ಅಂತ ನನಗೆ ಹೆಂಗೋ ಗೊತ್ತಾಗ್ಬೇಕು? ಒಂದು ಸಲ ಅಮ್ಮಾ ಅಂದಿದ್ರೆ ಸಾಕಾಗಿತ್ತಲ್ಲೋ... ಸುಳ್ಳು ಹೇಳಿದ್ದು ಗೊತ್ತಾಗುತ್ತೆ ಅಂತ ಹೆದರಿದೆಯಾ? ಯಾಕೋ ಹೆದರ್ತೀಯ, ನಾನೇನು ಹುಲೀನಾ?... ಆ ಮಾತು ಬಿಡೋ, ಅದು ಸುಮ್ಮನೆ ಅಂದಿದ್ದು. ಅವಳಿಗೆ ಬುದ್ಧಿ ಬರಲಿ ಅಂತ. ನೀನು ಮಂಕಲ್ಲ ಕಣೋ, ನನ್ನ ರಾಜಾ, ಯಾರು ಹೇಳಿದ್ದು ನಿನ್ನನ್ನ ಮಂಕು ಅಂತ..."

...

"ತಮಿಳಲ್ಲಿ ಬೇಡ ಕಣೋ. ಕನ್ನಡದಲ್ಲಿ ಹೇಳು. ಬೈಯೋದಾದ್ರೂ ಕನ್ನಡದಲ್ಲೇ ಬೈಯಿ... ಏನಂದೆ? ಚಿಕ್ಕಪ್ಪನ ಮೈ ನಾರ್ತಿರಲಿಲ್ವಾ? ಅದ್ಯಾಕೋ ಈಗ... ನೀನೂ ಅಲ್ಲೇ ಕೂತಿದ್ದೆಯಾ?... ಹೌದಪ್ಪಾ, ನಾರ್ತಿರಲಿಲ್ಲ. ಸರಿ, ನಾರ್ತಿರಲಿಲ್ಲ! ನಾನೊಬ್ಬಳೇ ಹಿಡಿದಿದ್ದು ಸೆರಗು. ಆಯ್ತಾ? ಅಷ್ಟು ಹೇಳಿದ್ರೆ ಸಾಕಾ ನಿಂಗೆ?... ಮನೆಗೆ ಬಾ. ಅಲ್ಲಿಂದ ಎದ್ದು ಸೀದಾ ಮನೆಗೆ ಬಾ ಶಿವು... ಯಾಕೆ ಬರಲ್ಲ? ಯಾರ ಮನೇಲಿ ಇರ್ತೀಯ? ನೀರಜಾ ಮನೇಲಾ?"

ಸುಮಿತ್ರಮ್ಮನವರು ಅಂಗಡಿ ಫೋನನ್ನು ಬಾಚಿಕೊಂಡರು. ಅವಸರದಲ್ಲಿ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಅಂಕಿಗಳು ಮಸುಕು ಮಸುಕಾಗಿ ಕಂಡವು. ಫೋನನ್ನು ಮೂಗಿನ ಹತ್ತಿರ ಹಿಡಿದರು.

"ಇರು, ಇಡಬೇಡ. ಇಗೋ, ಓದ್ತೀನಿ. ಇನ್ನೊಂದ್ಸಲ ಹಾಕಿ ನೋಡಿ, ತಗೊಂಡ್ರೂ ತಗೊಳ್ಳುತ್ತೆ. ಸಂಗೀತಾಗೆ ಹೇಳು, ಅವಳು ಜಾಣೆ, ಅವಳು ಹಾಕ್ತಾಳೆ. ಸಂಗೀತಾ, ಹಾಕೇ ತಾಯಿ... ಬರ್ಕೊಳ್ಳಿ. ನಾಲ್ಕು... ಒಂಬತ್ತು... ಹಲೋ? ಬರ್ಕೊಂಡ್ರಾ? ಒಂಬತ್ತು ಆದ್ಮೇಲೆ ಸೊನ್ನೆ... ಏಳು... ಹಲೋ?... ಶಿವು?... ಎರಡು..."

ಆ ಕಡೆಯ ಫೋನು ಅವರು ನಾಲ್ಕು ಅನ್ನುವುದಕ್ಕೂ ಮೊದಲೇ ಕಟ್ಟಾಗಿತ್ತು.