ಮುರುಕಿಗೂ ಬಂದ ಹೊಳಪು

ಕುಮಾಸಿ ಪಟ್ಟಣದ ಸುವಾಮೆ ಬಡಾವಣೆಯ ಗ್ಯಾರೇಜುಗಳ ಮುಂದೆ ಕೆಂಕೆ ಕಡುಬು ಮಾರುವ ಸೆರ್ವಾಳ ಕಿವಿಗೆ ಇರುವೆ ಸೀನಿದರೂ ಕೇಳುತ್ತದೆ. ಇವತ್ತು ಊರಿಗೆ ಹೋಗುವ ವ್ಯಾನಿಗೆ ಕಾಯುವ ಸಾಲಿನಲ್ಲಿ ಅಡ್ಡೈ ಎಂಬವನು, ಪಂಪಿನೊಳಗೆ ನೀರು ನೂಕುವ ಕಂಚಿನ ಇಂಪೆಲ್ಲರನ್ನು ತಿರುಗಿಸಿ ನೋಡುತ್ತಿದ್ದ. ಅದರ ಹೊಳಪಿಗೆ ಮೂರು ಊರಿನ ಕೋಳಿಗಳು ಬೆಳಗಾಯಿತೆಂದು ಮತ್ತೊಮ್ಮೆ ಕೂಗಿದ್ದವು. ಹೊಳಪು ಕೊಟ್ಟ ಬೋಟೆಂಗ್ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ.

“ಮೇಸ್ತ್ರಿ, ಇದು ನಮ್ದಲ್ಲ.”

“ನಿಮ್ದೇ ಕಣ್ರಿ. ಮರಳು, ಎಣ್ಣೆ ಕಲಸಿದ ರಾಡೀನ ಮೂರು ದಿನ ಸಂದಿಗೊಂದಿಯಲ್ಲೆಲ್ಲ ಹರಿಸಿದೀನಿ.”

“ನಮ್ದರಲ್ಲಿ ಒಂದು ರೆಕ್ಕೆ ತುದಿ ಮುರಿದಿತ್ತು.”

“ಇಲ್ನೋಡಿ, ಮುರಿದೇ ಇದೆ.”

“ನಮ್ಮ ಮುರುಕು ಇಷ್ಟು ಚೆನ್ನಾಗಿರ್ಲಿಲ್ಲ.”

“ಅದನ್ನೂ ನಯ ಮಾಡಿದೀನಿ.”

“ಸರಿ, ನಾನು ನಂಬಿದೆ. ಪಂಪು ನಮ್ಮ ಭಾವಂದು. ಹಳೇದು ಮಾರ್ಕೊಂಡು ನಕಲಿ ಮಾಲು ತಂದಿದಾನೆ ಅಂತ ನನ್ನನ್ನೇ ಮನೆಯಿಂದಾಚೆ ಹಾಕ್ತಾರೆ. ಸ್ವಲ್ಪ ಮಸಿ ಬಳೀರಿ.”

“ಈ ಕೈಯಿಂದ್ಲಾ? ಕಡಿದು ಹಾಕಿದ್ರೂ ಇಲ್ಲ.”

ವ್ಯಾನು ಬಂತು. ಅಡ್ಡೈ ಬಗ್ಗಿ ಅದರ ಹೊಗೆಕೊಳವೆಯ ಮಸಿಯನ್ನು ಬೆರಳಲ್ಲಿ ತೆಗೆದು ಇಂಪೆಲ್ಲರಿಗೆ ಬಳಿಯತೊಡಗಿದ. ಮೇಸ್ತ್ರಿ ಮುಖ ತಿರುಗಿಸಿದ, ಆಮೇಲೆ ಕದ್ದು ನೋಡಿದ, ಕೊನೆಗೆ ತಡೆಯಲಾರದೆ ಕೈಚಾಚಿದ.

“ಕೊಡ್ರಿ ಇಲ್ಲಿ. ಹೀಗಾ ಬಳಿಯೋದು? ಪಟ್ಟೆ ಪಟ್ಟೆ ಬಿದ್ದಿದೆ. ಒಳಗಿನ ಸಂದಿಗೂ ಸೇರಬೇಡ್ವಾ?”

ಸೆರ್ವಾ ಕೈಯಲ್ಲಿದ್ದ ಕೆಂಕೆ ಕೊಡುವುದನ್ನೇ ಮರೆತು ನೋಡಿದಳು. ಹೊರಟ ವ್ಯಾನಿನ ಕಿಟಕಿಯಲ್ಲಿ, ಸಾಲಿನೊಂದಿಗೇ ಒಳಗೆ ಸೇರಿಹೋಗಿದ್ದ ಬೋಟೆಂಗ್ ಮೇಸ್ತ್ರಿ, ತನ್ನದಲ್ಲದ ಊರಿಗೆ ಪ್ರಯಾಣ ಹೊರಟದ್ದೂ ಗೊತ್ತಿಲ್ಲದೆ, ಇನ್ನೂ ಮಸಿ ಸಮ ಮಾಡುತ್ತಿದ್ದ.