ಅಧ್ಯಾಯ ಮುಗಿಯುವ ಹೊತ್ತು

ಹಲ್ಲಿನ ಡಾಕ್ಟರ ಬಾಗಿಲ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಅತ್ತೆ, ಅವರ ಅಳಿಯ ಕೂತಿದ್ದರು. ಅಳಿಯನ ಕೆನ್ನೆ ಊದಿಕೊಂಡಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ.

"ಮಾವ ಹೋದ್ಮೇಲೆ ಅವರ ಬಾಹ್ಯಾಕಾಶದ ಕಾದಂಬರಿ ಸರಣಿ ಮುಂದುವರಿಸೋದು ಅಂದ್ರೆ ಹುಡುಗಾಟನಾ ಅತ್ತೆ? ನಾನು ಬರೆದಿದ್ದು ಓದಿದ್ರಾ?"

"ಓದಿದೆ. ನಿಮ್ಮ ಅಧ್ಯಾಯ ಮುಗಿಯೋದೇ ಇಲ್ವಲ್ಲ."

"ಮಾವ ಎಷ್ಟು ಚೆನ್ನಾಗಿ ನಿಲ್ಲಿಸ್ತಿದ್ರು! ಕ್ಯಾಪ್ಟನ್ ನೌಕೆಯ ಹೊರಗೆ ಒಂದೇ ಕೈಯಲ್ಲಿ ನೇತಾಡ್ತಿರೋವಾಗ ಅಧ್ಯಾಯ ಮುಗೀತಿತ್ತು. ಓದೋರು ಉಗುರು ಕಚ್ಕೊಂಡು ಕೂತಿರೋರು."

"ಅವರೆಲ್ಲಿ ನಿಲ್ಲಿಸ್ತಿದ್ರು? ನಾನು ಊಟಕ್ಕೆ ಕೂಗ್ತಿದ್ದೆ. ಪೆನ್ನು ಅಲ್ಲೇ ಬಿಟ್ಟು ಎದ್ದು ಬರೋರು. ಊಟ ಆದ್ಮೇಲೆ ಹೊಸ ಅಧ್ಯಾಯ."

"ಮತ್ತೆ ಆರನೇ ಪುಸ್ತಕದಲ್ಲಿ ಒಂದೊಂದು ಅಧ್ಯಾಯನೂ ಅರ್ಧ ಪುಟ ಇದೆಯಲ್ಲ? ವಿಮರ್ಶಕರು ಅದನ್ನ ಹೊಸ ಶೈಲಿ ಅಂದ್ರು!"

"ಆಗ ಅವರಿಗೆ ಹೊಟ್ಟೆ ಕೆಟ್ಟಿತ್ತು."

"ನನ್ನನ್ನ ಯಾರು ಕೂಗ್ತಾರೆ? ಮನೇಲಿ ಅಡುಗೆ ಮಾಡೋನೂ ನಾನೇ."

"ಅದೇ ಕಷ್ಟ ನೋಡಿ."

"ಇರ್ಲಿ, ಹೊಸದು ಕೇಳಿ. ಕ್ಯಾಪ್ಟನ್ ನೌಕೆಯ ಬಾಗಿಲು ತೆಗೀತಾನೆ. ಹೊರಗೆ ನಿಂತಿರೋದು ಯಾರು ಗೊತ್ತಾ? ಅವನೇ ಕೈಯಾರೆ ಮಣ್ಣು ಮಾಡಿದ್ದ..."

"ಹಲ್ಲು ಕೀಳಿಸೋರು ಯಾರ್ರೀ, ಬನ್ನಿ!" ಒಳಗಿಂದ ನರ್ಸ್ ಕೂಗಿದಳು.

ಅಳಿಯ ತಟಕ್ಕನೆ ಎದ್ದ.

"ಹಾಂ, ಅಲ್ಲಿಗೇ ಮುಗಿಸಿ," ಎಂದರು ಅತ್ತೆ.

ಇಬ್ಬರೂ ಒಳಗೆ ಹೋದರು. ನಾನು ನೋಯುವ ಹಲ್ಲಿನಲ್ಲೇ ಉಗುರು ಕಚ್ಚುತ್ತ ಕೂತೆ.